ಕುಂಬಾರಿಕೆಯ ಪ್ರದರ್ಶನ ಮತ್ತು ಅದರ ದಾಖಲೆ

ಕುಂಬಾರಿಕೆಯನ್ನು ಕುರಿತ ಸಮ್ಮೇಳನಗಳಲ್ಲಿ ಪ್ರಬಂಧವಾಚನಕ್ಕಿಂತ ಹೆಚ್ಚಾಗಿ ಜನರನ್ನು ಸೆಳೆಯುವುದು ಕಲಾವಿದರ ಕೌಶಲಪ್ರದರ್ಶನ. ಚಕ್ರ ತಿರುಗುತ್ತದೆ, ಮಣ್ಣಿನ ಮುದ್ದೆ ಮೇಲೇಳುತ್ತದೆ, ನೋಡನೋಡುತ್ತಿದ್ದಂತೆಯೇ ಪಾತ್ರೆಯ ಕಂಠ ಮೂಡುತ್ತದೆ; ನೆರೆದವರ ಕ್ಯಾಮರಾಗಳೆಲ್ಲ ಅತ್ತಲೇ ತಿರುಗಿರುತ್ತವೆ. ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕವು ಮೊದಲ ಬಾರಿಗೆ ೨೦೧೮ರಲ್ಲಿ ಜಯಪುರದಲ್ಲಿಯೂ ಎರಡನೆಯ ಬಾರಿಗೆ ೨೦೨೪ರಲ್ಲಿ ದೆಹಲಿಯಲ್ಲಿಯೂ ನಡೆದ ಮೇಲೆ ನಮ್ಮ ದೇಶದಲ್ಲಿಯೂ ಈ ವಿಷಯದಲ್ಲಿ ಆಸಕ್ತಿ ಬೆಳೆದಿದೆ. ದಾಖಲೆಯ ಪ್ರಮಾಣ ಹೆಚ್ಚಿದೆಯೆಂಬುದು ನಿರ್ವಿವಾದ. ಆದರೆ ದಾಖಲಾಗುತ್ತಿರುವುದು ಕುಂಬಾರಿಕೆಯೋ, ಅಥವಾ ಅದರ ಕಣ್ಸೆಳೆಯುವ ಒಂದು ಗಳಿಗೆ ಮಾತ್ರವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಮುಂಬಯಿಯ ಫೋರ್ಟ್ ಭಾಗದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರು ೧೮೫೩ರಲ್ಲಿ ನೀಡಲೊಪ್ಪಿದ ಒಂದು ಲಕ್ಷ ರೂಪಾಯಿಗಳ ದಾನದ ಫಲವಾಗಿ ೧೮೫೭ರಲ್ಲಿ ಆರಂಭವಾದ ಕಲಾಶಾಲೆ ಇಂದು ಕ್ರಾಫರ್ಡ್ ಮಾರುಕಟ್ಟೆಯ ಸಮೀಪದಲ್ಲಿದೆ. ೧೮೬೫ರಲ್ಲಿ ಅಲ್ಲಿಗೆ ಅಧ್ಯಾಪಕರಾಗಿ ಬಂದ ಜಾನ್ ಲಾಕ್‌ವುಡ್ ಕಿಪ್ಲಿಂಗರು ೧೮೭೦ರಲ್ಲಿ ಸರ್ಕಾರದ ಅಪೇಕ್ಷೆಯಂತೆ ಉತ್ತರ ಭಾರತದಲ್ಲಿ ಸಂಚರಿಸಿ, ಕೆಲಸದಲ್ಲಿ ತೊಡಗಿದ ಕುಶಲಕರ್ಮಿಗಳ ಚಿತ್ರಗಳನ್ನು ಬರೆದರು. ಸಿದ್ಧವಸ್ತುವನ್ನಷ್ಟೇ ಅಲ್ಲದೆ ಅದನ್ನು ಮಾಡುವವನನ್ನು, ಅವನು ಕುಳಿತ ಬಗೆಯನ್ನು, ಅವನ ಉಪಕರಣಗಳನ್ನು ನೋಡಬೇಕೆಂಬ ದೃಷ್ಟಿ ಆ ಚಿತ್ರಗಳಲ್ಲಿದೆ. ಇದು ಅವುಗಳ ಹಿರಿಮೆ.

ಅದೇ ಶಾಲೆಯ ಜಾರ್ಜ್ ವಿಲ್ಕಿನ್ಸ್ ಟೆರಿಯವರು ನಡೆಸಿದ ಕುಂಬಾರಿಕೆಯ ಕಾರ್ಯಾಗಾರದ ಕಥೆ ಬೇರೆ. ಸಿಂಧ್ ಪ್ರಾಂತದ ಮೆರುಗುಪಾತ್ರೆಗಳ ಪದ್ಧತಿಯನ್ನು ಅಲ್ಲಿ ಅನುಸರಿಸಲಾಯಿತು. ಜಾನ್ ಗ್ರಿಫಿತ್ಸರ ನೇತೃತ್ವದಲ್ಲಿ ವಿದ್ಯಾರ್ಥಿಗಳು ೧೮೭೨ರಿಂದ ೧೮೮೫ರವರೆಗೆ ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿಮಾಡಿದರಷ್ಟೆ. ಆ ಅಲಂಕಾರಗಳೂ ಹೂಜಿಗಳ ಮೇಲೆ ಇಳಿದುಬಂದವು. ಆ ಪಾತ್ರೆಗಳು ಇಂದು ಸಂಗ್ರಹಗಳಲ್ಲಿ ಗೌರವ ಪಡೆದಿವೆ. ಅವುಗಳ ವಿವರಣೆಯಲ್ಲಿ ಶಾಲೆಯ ಹೆಸರಿದೆ, ಟೆರಿಯವರ ಹೆಸರಿದೆ. ಚಕ್ರದ ಮುಂದೆ ಕುಳಿತವರ ಹೆಸರು ಮಾತ್ರ ಸಾಮಾನ್ಯವಾಗಿ ಕಾಣದು. ವಸ್ತು ಉಳಿಯಿತು, ಕೈ ಮರೆಯಾಯಿತು.

ಹೆಸರನ್ನು ಬರೆದಿಟ್ಟ ಮಾತ್ರಕ್ಕೆ ದಾಖಲೆ ಪೂರ್ಣವಾಗುವುದೆಂದೂ ಹೇಳುವಂತಿಲ್ಲ. ೧೮೮೬ರಲ್ಲಿ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತೀಯ ವಸ್ತುಪ್ರದರ್ಶನಕ್ಕೆ ಆಗ್ರಾದಿಂದ ಕುಶಲಕರ್ಮಿಗಳ ತಂಡವೊಂದು ಹೋಗಿತ್ತು. ಅವರಲ್ಲಿ ಬಕ್ಷಿರಾಮರೆಂಬ ಕುಂಬಾರರೂ ಇದ್ದರು. ಅವರ ವಯಸ್ಸು ನೂರೆರಡೆಂದು ಹೇಳಲಾಗಿತ್ತು. ವಿಕ್ಟೋರಿಯಾ ರಾಣಿಯ ಅಪೇಕ್ಷೆಯಂತೆ ರುಡಾಲ್ಫ್ ಸ್ವೊಬೊಡಾ ಅವರ ಭಾವಚಿತ್ರವನ್ನು ಬರೆದರು. ಮುಖದ ಒಂದೊಂದು ಸುಕ್ಕೂ ಅಲ್ಲಿದೆ. ಆದರೆ ಆ ತಂಡದ ಬಹುಮಂದಿ ಆಗ್ರಾದ ಸೆರೆಮನೆಯಲ್ಲಿ ಕೆಲಸ ಕಲಿತವರೆಂಬುದನ್ನು ಪ್ರದರ್ಶನದ ವೈಭವ ಮರೆಮಾಡಿತು. ನೋಡುಗರ ಕಣ್ಣಿಗೆ ಅವರು ಪರಂಪರೆಯ ಶಾಂತ ಪ್ರತಿನಿಧಿಗಳಾಗಿಯೇ ಕಂಡರು. ಕುಂಬಾರರೇ ಪ್ರದರ್ಶನದ ವಸ್ತುವಾದಾಗ ಅವರ ವಿದ್ಯೆ ಹಿಂದೆ ಸರಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇದಕ್ಕೆ ಪ್ರತಿಯಾಗಿ ೧೯೫೨ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಟಿಂಗ್‌ಟನ್ನಿನಲ್ಲಿ ಸೇರಿದ ಕುಂಬಾರರ ಮತ್ತು ನೇಕಾರರ ಅಂತರರಾಷ್ಟ್ರೀಯ ಸಮ್ಮೇಳನವನ್ನು ನೋಡಬಹುದು. ಬರ್ನಾರ್ಡ್ ಲೀಚ್, ಜಪಾನಿನ ಶೋಜಿ ಹಮಾದಾ, ಸೋಯೆತ್ಸು ಯಾನಾಗಿ ಅಲ್ಲಿದ್ದರು. ಅನಂತರ ಈ ಮೂವರೂ ಅಮೆರಿಕದಲ್ಲಿ ಸಂಚರಿಸಿ ಉಪನ್ಯಾಸಗಳನ್ನೂ ಪ್ರದರ್ಶನಗಳನ್ನೂ ನೀಡಿದರು. ಮುಂದೆ ಸೂಸನ್ ಪೀಟರ್ಸನ್ ಮಾಶಿಕೋ ಊರಿಗೇ ಹೋಗಿ, ಹಮಾದಾ ಅವರ ಮನೆ, ಸಹಾಯಕರು, ಮಣ್ಣು, ಮೆರುಗು, ಆವಿಗೆ ಎಲ್ಲವನ್ನೂ ಗಮನಿಸಿ ೧೯೭೪ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹಮಾದಾ ಕೋಲಿನಿಂದ ತಿರುಗಿಸುವ ಚಕ್ರದ ಮುಂದೆ ಕೂರುತ್ತಿದ್ದರು. ನಮ್ಮ ಹಳ್ಳಿಯ ಕುಂಬಾರನ ತಿಗರಿಯೂ ಕೋಲಿನಿಂದಲೇ ತಿರುಗುವಂಥದು. ಒಂದಕ್ಕೆ ಗ್ರಂಥವೇ ಮೀಸಲಾಯಿತು. ಇನ್ನೊಂದು ಜಾತ್ರೆಯ ನೋಟವಾಗಿ ಉಳಿಯಿತು. ಈ ಅಂತರಕ್ಕೆ ಕಾರಣ ನೋಡುವವರ ತಾಳ್ಮೆಯಲ್ಲಿದೆಯೇ ಹೊರತು ವಿದ್ಯೆಯ ಹೆಚ್ಚುಕಡಿಮೆಯಲ್ಲಲ್ಲ.

ನಮ್ಮ ಮಡಕೆ ಚಕ್ರದ ಮೇಲೆ ಮುಗಿಯುವುದಿಲ್ಲವೆಂಬುದನ್ನು ಪ್ರದರ್ಶನಗಳು ಮರೆಸುತ್ತವೆ. ಭಾರವಾದ ತಿಗರಿಯನ್ನು ಕೋಲಿನಿಂದ ತಿರುವಿಬಿಟ್ಟು, ಆ ವೇಗ ಕುಗ್ಗುವುದರೊಳಗೆ ಬಾಯಿ ಮತ್ತು ಕಂಠಗಳನ್ನು ತಿದ್ದಿ ಇಳಿಸುವುದು ಮೊದಲ ಹಂತ ಮಾತ್ರ. ಆಗ ಒಡಲು ದಪ್ಪವಾಗಿಯೇ ಇರುತ್ತದೆ. ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲನ್ನಾನಿಸಿ, ಹೊರಗೆ ಮರದ ಹಲಗೆಯಿಂದ ತಟ್ಟಿ, ಒಡಲನ್ನು ತೆಳುವಾಗಿಸುತ್ತ ಹಿಗ್ಗಿಸಬೇಕು. ಮತ್ತೆ ಆರಿಸಬೇಕು, ಮತ್ತೆ ತಟ್ಟಬೇಕು. ಅದಕ್ಕೂ ಮೊದಲು ಮಣ್ಣನ್ನು ಅಗೆದು, ನೆನೆಸಿ, ಕಲ್ಲುಹರಳು ತೆಗೆದು, ತುಳಿದು ಹದಮಾಡಬೇಕು. ಕೊನೆಗೆ ಆವಿಗೆಯ ಪರೀಕ್ಷೆ. ನಮ್ಮ ಅನೇಕ ಕುಂಬಾರ ಮನೆತನಗಳಲ್ಲಿ ಹೆಂಗಸರು ತಿಗರಿಯನ್ನು ಮುಟ್ಟುವ ವಾಡಿಕೆಯಿಲ್ಲ. ಮಣ್ಣಿನ ಹದ, ಬಣ್ಣ, ಆವಿಗೆಯ ಜೋಡಣೆಗಳಲ್ಲಿ ಮಾತ್ರ ಅವರ ದುಡಿಮೆ ಅಪಾರ. ಆದ್ದರಿಂದ ಚಕ್ರವನ್ನಷ್ಟೇ ಚಿತ್ರಿಸಿದ ದಾಖಲೆ ಅರ್ಧ ಕಸುಬನ್ನು ಬಿಟ್ಟಿತೆಂದಷ್ಟೇ ಅಲ್ಲ, ಅರ್ಧ ಕುಟುಂಬವನ್ನೇ ಬಿಟ್ಟಿತೆನ್ನಬೇಕು.

ಸಭೆಯ ವೇಳೆ ಮಿತವಾದದ್ದು, ದಿನಗಟ್ಟಲೆಯ ಕೆಲಸವನ್ನು ವೇದಿಕೆಯ ಮೇಲೆ ತೋರಿಸುವುದು ಹೇಗೆಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆ ಯುಕ್ತವೇ. ಆದರೆ ಪ್ರದರ್ಶನಕ್ಕಿರುವ ಕಾಲಮಿತಿ ದಾಖಲೆಗೆ ಇರಬೇಕಾಗಿಲ್ಲ. ಸಭೆ ಮುಗಿದೊಡನೆ ಕ್ಯಾಮರಾ ಮುಚ್ಚುವುದು ದಾಖಲಿಸುವವರ ಅಭ್ಯಾಸವೇ ಹೊರತು ಕುಂಬಾರಿಕೆಯ ನಿಯಮವಲ್ಲ.

ಈ ಸಂದರ್ಭದಲ್ಲಿ ಹರಿಹರನ ಕುಂಬಾರ ಗುಂಡಯ್ಯನ ರಗಳೆ ನೆನಪಾಗುವುದು ಸಹಜ. ಗುಂಡಯ್ಯ ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಮನಸೋತು ಕುಣಿಯುತ್ತಾನೆ. ರಗಳೆ ಭಕ್ತಿಕಾವ್ಯವೇ ಹೊರತು ಕಸುಬಿನ ಕೈಪಿಡಿಯಲ್ಲ, ದಿಟ. ಆದರೂ ಕುಂಬಾರಿಕೆಯ ಸಾರವನ್ನು ಕವಿ ತಟ್ಟುವ ಸದ್ದಿನಲ್ಲಿ ಕೇಳಿಸಿಕೊಂಡನೆಂಬುದು ಸಾಮಾನ್ಯ ಸಂಗತಿಯಲ್ಲ. ಸುಟ್ಟ ಮಡಕೆ ಗಟ್ಟಿಯೋ ಬಿರುಕೋ ಎಂಬುದನ್ನು ಕೊಳ್ಳುವ ಗೃಹಿಣಿಯೂ ಬೆರಳಿನಿಂದ ತಟ್ಟಿಯೇ ತಿಳಿಯುತ್ತಾಳೆ. ಇಂದಿನ ಚಲಚ್ಚಿತ್ರಗಳಲ್ಲಿ ಆ ಸದ್ದಿನ ಮೇಲೆ ಹಿನ್ನೆಲೆಸಂಗೀತವನ್ನು ಹೊದಿಸಿಬಿಡುವ ರೂಢಿಯನ್ನು ಕಂಡರೆ, ಎಂಟು ಶತಮಾನಗಳ ಹಿಂದಿನ ಕವಿಯ ಕಿವಿ ಹೆಚ್ಚು ಎಚ್ಚರವಾಗಿತ್ತೆಂದು ಹೇಳದೆ ವಿಧಿಯಿಲ್ಲ.

ಫೋರ್ಟಿನಿಂದ ಕೆಲವೇ ಮೈಲಿಗಳ ದೂರದಲ್ಲಿ ಧಾರಾವಿಯ ಕುಂಭಾರವಾಡ ಇದೆ. ಸೌರಾಷ್ಟ್ರ ಮೂಲದ ಕುಂಬಾರರು ಅಲ್ಲಿ ತಲೆಮಾರುಗಳಿಂದ ನೆಲೆಸಿ, ಚಿಂದಿಯನ್ನು ಉರುವಲಾಗಿಸಿ ಆವಿಗೆ ಸುಡುತ್ತಾರೆ. ಧಾರಾವಿಯ ಪುನರ್ವಿಕಾಸದ ಯೋಜನೆಯಿಂದ ಆ ಅಂಗಳಗಳ ಮುಂದಿನ ಗತಿ ಅನಿಶ್ಚಿತವಾಗಿದೆ. ಮನೆ, ಅಂಗಳ, ಆವಿಗೆ ಒಂದೆಡೆ ಇರುವವರೆಗೆ ಮಾತ್ರ ಮೇಲೆ ಹೇಳಿದ ಪೂರ್ಣ ಕಸುಬು ನೋಡಲು ಸಿಕ್ಕೀತು. ಚಕ್ರವನ್ನು ಯಾವ ಸಭಾಂಗಣಕ್ಕಾದರೂ ಒಯ್ಯಬಹುದು, ಆವಿಗೆಯನ್ನು ಒಯ್ಯಲಾಗದು. ಹೀಗಿರಲು, ಸಮ್ಮೇಳನದಿಂದ ಸಮ್ಮೇಳನಕ್ಕೆ ಹೋಗಿ ಚಿತ್ರ ತೆಗೆಯುವವರು ಒಮ್ಮೆ ಆ ಓಣಿಗಳಿಗೂ ಬಂದು, ಮಣ್ಣು ಎಲ್ಲಿಯದು, ತುಳಿದವರಾರು, ತಟ್ಟಿದವರಾರು, ಸುಟ್ಟವರಾರು ಎಂದು ಕೇಳಿ, ಅವರ ಒಪ್ಪಿಗೆ ಪಡೆದು, ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡರೆ, ಟೆರಿಯವರ ಕಾರ್ಯಾಗಾರದಲ್ಲಿ ಬಿಟ್ಟುಹೋದ ಅಂಕಣ ಇಲ್ಲಿಯಾದರೂ ಭರ್ತಿಯಾದೀತು.