ಜಾರುವ ಪಟ್ಟಿಗಳ ಬಲ
ಲಾರಿಯ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ ಕೂತ, ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗ್ ಕಂಡಾಗಲೆಲ್ಲ ಅದನ್ನು ಮೊದಲು ಯೋಚಿಸಿದವರ ಮೇಲೆ ಗೌರವ ಉಕ್ಕುತ್ತದೆ. ಬರೀ ಬಲ ಬೇಕಿದ್ದರೆ ಅಷ್ಟೇ ದಪ್ಪದ ಒಂದೇ ಉಕ್ಕಿನ ಪಟ್ಟಿ ಸಾಕಿತ್ತು. ಬಿಡಿಯಾಗಿ ಪೇರಿಸಿದ 10 ಸಮ ಪಟ್ಟಿಗಳು ಅದರ ಹತ್ತರಲ್ಲೊಂದು ಪಾಲು ಹೊರೆಯನ್ನಷ್ಟೇ ತಾಳುತ್ತವೆ. ಒಂದೇ ಹೊರೆಗೆ ಸುಮಾರು 100 ಪಟ್ಟು ಹೆಚ್ಚು ಬಾಗುತ್ತವೆ. ಬಾಗುವಾಗ ಒಂದರ ಮೈಮೇಲೆ ಇನ್ನೊಂದು ಜಾರುವುದೇ ಇದಕ್ಕೆ ಕಾರಣ. ಉದ್ದಕ್ಕೂ ಬೆಸೆದುಬಿಟ್ಟರೆ ಜಾರಾಟ ನಿಂತು, ಕಟ್ಟು ಇಡಿ ಪಟ್ಟಿಯಷ್ಟೇ ಬಿರುಸಾಗುತ್ತದೆ. ಆದರೆ ಗುಂಡಿಬಿದ್ದ ರಸ್ತೆಗೆ ಬೇಕಾದದ್ದು ಬಾಗುವ ಗುಣವೇ! ಪಟ್ಟಿ ತೆಳುವಾದಷ್ಟೂ ಮುರಿಯದೆ ಹೆಚ್ಚು ಬಾಗಬಲ್ಲದು. ಜಾರುವಾಗಿನ ತಿಕ್ಕಾಟ ಕುಲುಕಾಟವನ್ನೂ ತಗ್ಗಿಸುತ್ತದೆ. ಬಾಗಿಸುವ ಒತ್ತಡ ಹೆಚ್ಚಿರುವ ನಡುವಿಗೆ ಹೆಚ್ಚು ಪಟ್ಟಿ, ತುದಿಗೆ ಕಡಿಮೆ: ಎಂಥ ಅಚ್ಚುಕಟ್ಟು! ಕಿರುಪಟ್ಟಿಯೊಂದು ತುಂಡಾದರೂ ಸಾಮಾನ್ಯವಾಗಿ ಉಳಿದವು ಭಾರ ಹೊತ್ತು, ನಿಧಾನವಾಗಿ ಗ್ಯಾರೇಜು ಮುಟ್ಟಿಸುತ್ತವೆ.