ಪ್ರತಿಕಾಯ ಗುರುತಿಸಿದ್ದು ಯಾರನ್ನು?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರನ ಪ್ರಾಚೀನ ದೇವಾಲಯವಿದೆ. ಇಂಥ ಊರಿನಲ್ಲಿ ಆ ದೇವರ ಹೆಸರಿಟ್ಟುಕೊಂಡವರು ಹಲವರಿರುವುದು ಸಹಜ. ಬೀದಿಯಲ್ಲಿ ನಿಂತು ‘ಕಲ್ಲೇಶಾ’ ಎಂದು ಕೂಗಿದರೆ ಯಾರಾದರೊಬ್ಬರು ತಿರುಗಿ ನೋಡಬಹುದು. ಆದರೆ ತಿರುಗಿದವನು ನಮಗೆ ಬೇಕಾದ ಕಲ್ಲೇಶನೇ? ತಿಳಿಯಲು ಸುಲಭ ಉಪಾಯವಿದೆ. ಆತ ಹರಪನಹಳ್ಳಿಗೆ ಹೋಗಿರುವ ದಿನ ಕೂಗಿ ನೋಡಬೇಕು. ಆಗಲೂ ಯಾರೋ ‘ಓ’ ಎಂದರೆ, ನಮ್ಮ ಕೂಗು ಅವನೊಬ್ಬನಿಗೇ ಸಲ್ಲುವುದಲ್ಲ. ಪ್ರಯೋಗಾಲಯದ ಪ್ರತಿಕಾಯಗಳಿಗೂ ಇದೇ ಪರೀಕ್ಷೆ ಬೇಕು. ಅದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ‘8ಎಫ್1’ ಎಂಬ ಪ್ರತಿಕಾಯದ ಪ್ರಕರಣ ಒಂದು ಪಾಠ.

ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಏಕತದ್ರೂಪಿ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಒಂದೇ ಕೋಶದ ಸಂತತಿ ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸುತ್ತದೆ. ತರಗತಿಯಲ್ಲಿ ನಾವು ಇದನ್ನು ಬೀಗ ಮತ್ತು ಬೀಗದ ಕೈಗೆ ಹೋಲಿಸಿ ಮುಗಿಸುತ್ತೇವೆ. ಈ ಹೋಲಿಕೆ ಅರ್ಧ ಸತ್ಯ. ಪ್ರತಿಕಾಯ ಇಡೀ ಪ್ರೋಟೀನನ್ನು ಗುರುತಿಸುವುದಿಲ್ಲ. ಅದರ ಮೇಲ್ಮೈಯ ಒಂದು ಚಿಕ್ಕ ಭಾಗಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಅದನ್ನೇ ಹೋಲುವ ಭಾಗ ಬೇರೆ ಪ್ರೋಟೀನಿನಲ್ಲಿದ್ದರೆ ಅಲ್ಲಿಗೂ ಅಂಟುತ್ತದೆ.

8ಎಫ್1 ಅನ್ನು ಬಳಸುತ್ತಿದ್ದುದು ಇಆರ್‌ಸಿಸಿ1 ಎಂಬ ಪ್ರೋಟೀನನ್ನು ಪತ್ತೆಮಾಡಲು. ಇದು ಎಕ್ಸ್‌ಪಿಎಫ್ ಎಂಬ ಮತ್ತೊಂದು ಪ್ರೋಟೀನಿನೊಡನೆ ಜೋಡಿಯಾಗಿ, ಹಾನಿಗೊಂಡ ಡಿಎನ್‌ಎ ಎಳೆಯನ್ನು ಕತ್ತರಿಸುವ ದುರಸ್ತಿ ಕಿಣ್ವವಾಗುತ್ತದೆ. ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್‌ನಲ್ಲಿರುವ ಪ್ಲಾಟಿನಂ, ಡಿಎನ್‌ಎಯ ಪ್ರತ್ಯಾಮ್ಲಗಳ ನಡುವೆ ಬೆಸುಗೆ ಹಾಕಿ ಕೋಶವನ್ನು ಕೊಲ್ಲುತ್ತದೆ. ಕೋಶದಲ್ಲಿ ಈ ಕಿಣ್ವ ಹೇರಳವಾಗಿದ್ದರೆ ಹಾನಿ ದುರಸ್ತಿಯಾಗಿ ಔಷಧಿ ನಿಷ್ಫಲವಾಗಬಹುದು. ಹಾಗಾದರೆ ಗೆಡ್ಡೆಯಲ್ಲಿ ಇಆರ್‌ಸಿಸಿ1 ಇದೆಯೇ ಎಂದು ಮೊದಲೇ ನೋಡಿ ಔಷಧಿ ಕೊಡಬಹುದಲ್ಲವೆ?

ಫ್ರಾನ್ಸಿನ ಸಂಶೋಧಕರ ನೇತೃತ್ವದ ತಂಡ 2006ರಲ್ಲಿ ಇದನ್ನೇ ಪರೀಕ್ಷಿಸಿತು. 761 ಶ್ವಾಸಕೋಶದ ಗೆಡ್ಡೆಗಳಿಗೆ 8ಎಫ್1 ಲೇಪಿಸಿ ನೋಡಿದಾಗ 335ರಲ್ಲಿ ಬಣ್ಣ ಮೂಡಿತು, 426ರಲ್ಲಿ ಮೂಡಲಿಲ್ಲ. ಬಣ್ಣ ಮೂಡದವರಿಗೆ ಸಿಸ್‌ಪ್ಲಾಟಿನ್ ಆಧಾರಿತ ಚಿಕಿತ್ಸೆಯಿಂದ ಲಾಭವಾದುದು ಕಂಡಿತು. ಚಿಕಿತ್ಸೆ ಯಾರಿಗೆ, ಯಾರಿಗೆ ಬೇಡ ಎಂದು ಹೇಳುವ ಗುರುತು ಸಿಕ್ಕಿತೆಂಬ ಆಸೆ ಮೂಡಿತು.

ಆದರೆ 2009ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು, ಕಲ್ಲೇಶ ಊರಲ್ಲಿಲ್ಲದ ದಿನ ಕೂಗಿ ನೋಡಿದಂತೆ, ಇಆರ್‌ಸಿಸಿ1ರ ಕೊರತೆಯಿರುವ ಕೋಶಗಳನ್ನು ಪರೀಕ್ಷಿಸಿದರು. ಅಲ್ಲಿಯೂ 8ಎಫ್1 ಅಂಟಿಕೊಂಡಿತು! ಅದಕ್ಕೆ ಮತ್ತೊಂದು ಪ್ರತಿಜನಕವಿತ್ತು. ಅದು ಕೋಶಪೊರೆಯ ಫಾಸ್ಫಟೈಡಿಲ್‌ಕೋಲೀನ್ ತಯಾರಿಕೆಗೆ ಬೇಕಾದ, ಡಿಎನ್‌ಎ ದುರಸ್ತಿಗೆ ಸಂಬಂಧಿಸದ ಕಿಣ್ವವೆಂದು 2014ರಲ್ಲಿ ವರದಿಯಾಯಿತು. ಈ ನಡುವೆ 2013ರಲ್ಲಿ ಫ್ರಾನ್ಸಿನ ಅದೇ ಸಂಶೋಧಕರು 16 ಪ್ರತಿಕಾಯಗಳನ್ನು ಪರಿಶೀಲಿಸಿದರು. ಇಆರ್‌ಸಿಸಿ1ಕ್ಕೆ ನಾಲ್ಕು ರೂಪಗಳಿದ್ದು ದುರಸ್ತಿ ಮಾಡಬಲ್ಲದ್ದು ಒಂದೇ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸುವ ಪ್ರತಿಕಾಯ ಒಂದೂ ಇರಲಿಲ್ಲ. ಹಳೆಯ ಮಾದರಿಗಳಿಗೆ ಮತ್ತೆ 8ಎಫ್1 ಲೇಪಿಸಿದಾಗ 2006ರ ಫಲಿತಾಂಶಗಳೊಡನೆ ತಾಳೆಯಾಗಲಿಲ್ಲ.

ಟೀಕೆ ಮಾಡಬೇಕಾದುದು ಯಾವುದನ್ನು? ತಮ್ಮ ಫಲಿತಾಂಶವನ್ನು ತಾವೇ ಮರುಪರೀಕ್ಷಿಸಿ ಪ್ರಕಟಿಸಿದವರನ್ನಲ್ಲ. ಅದು ಮೆಚ್ಚತಕ್ಕ ನಡೆ. ಟೀಕೆಗೆ ಅರ್ಹವಾದುದು ಸೀಸೆಯ ಮೇಲಿನ ಹೆಸರನ್ನೇ ಪುರಾವೆಯೆಂದು ನಂಬುವ ಅಭ್ಯಾಸ. ‘ಬಣ್ಣ ಮೂಡಿತು’ ಎಂಬುದು ವೀಕ್ಷಣೆ. ‘ಇಆರ್‌ಸಿಸಿ1 ಇದೆ’ ಎಂಬುದು ತೀರ್ಮಾನ. ಎರಡರ ನಡುವೆ ಒಂದು ಪರೀಕ್ಷೆ ಇರಲೇಬೇಕು. ಇಲ್ಲಿ ಅದರ ಮೇಲೆ ರೋಗಿಯ ಚಿಕಿತ್ಸೆಯೇ ನಿಂತಿತ್ತು.

ನಮ್ಮ ನಾಡಿನಲ್ಲಿಯೂ ಇಂಥದೇ ಪ್ರಶ್ನೆ ಎದ್ದಿದೆ, ಪ್ರತಿಕಾಯದ ಬಗೆಗಲ್ಲ, ಪ್ರತಿಬಂಧಕದ ಬಗೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2012ರಲ್ಲಿ, ಎಸ್‌ಸಿಆರ್7 ಎಂಬ ಅಣು ಡಿಎನ್‌ಎ ಲೈಗೇಸ್ 4 ಎಂಬ ದುರಸ್ತಿ ಕಿಣ್ವವನ್ನು ತಡೆಯುತ್ತದೆಂದು ಪ್ರಕಟಿಸಿತು. 2016ರಲ್ಲಿ ಅಮೆರಿಕದ ಸಂಶೋಧಕರು ಆ ಅಣುವಿನ ರಚನೆಯನ್ನೂ ಅದು ಲೈಗೇಸ್ 4ನ್ನೇ ಆರಿಸಿ ತಡೆಯುತ್ತದೆಂಬುದನ್ನೂ ಪ್ರಶ್ನಿಸಿದರು. 2018ರಲ್ಲಿ ಬೆಂಗಳೂರಿನ ತಂಡ ಅಣುವಿನ ಬೇರೆ ರೂಪಗಳನ್ನು ಪರೀಕ್ಷಿಸಿ, ಪರಿಣಾಮ ಲೈಗೇಸ್ 4ನ್ನು ಅವಲಂಬಿಸಿದೆ ಎಂದು ಉತ್ತರಿಸಿತು. ವಾದ ನಡೆದದ್ದು ಪುರಾವೆಗಳ ನಡುವೆ, ಹಾಗೆಯೇ ನಡೆಯಬೇಕು.

ಶಿಕ್ಷಕರು ಇದನ್ನು ಕಲಿಸಲು ದುಬಾರಿ ಉಪಕರಣ ಬೇಕಿಲ್ಲ. ಔಷಧಿ ಅಂಗಡಿಯ ಗರ್ಭಪರೀಕ್ಷೆ ಪಟ್ಟಿಯಲ್ಲಿ ‘ಸಿ’ ಎಂಬ ಗೆರೆಯಿರುತ್ತದೆ. ಪಟ್ಟಿ ಕೆಲಸ ಮಾಡಿದೆ ಎಂದಷ್ಟೇ ಅದು ಹೇಳುತ್ತದೆ. ಪ್ರತಿಕಾಯ ಬೇರೆ ಯಾವುದಕ್ಕೂ ಅಂಟಿಲ್ಲ ಎಂದು ಹೇಳುವುದಿಲ್ಲ. ಗರ್ಭದ ಹಾರ್ಮೋನಿನ ಆಲ್ಫಾ ಭಾಗ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನಿನಲ್ಲಿಯೂ ಇದೆ. ಆದ್ದರಿಂದಲೇ ಬೀಟಾ ಭಾಗವನ್ನು ಗುರುತಿಸುವ ಪ್ರತಿಕಾಯವನ್ನು ಬಳಸಬೇಕಾಗುತ್ತದೆ. ಇಷ್ಟನ್ನು ವಿವರಿಸಿ, ‘ಅದು ಇಲ್ಲದಿರುವಾಗ ಏನಾಗುತ್ತದೆ ಎಂದು ನೋಡಿದ್ದೀರಾ?’ ಎಂದು ಕೇಳುವ ರೂಢಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿದರೆ, ಮುಂದೆ ಯಾವ ಪ್ರಯೋಗಾಲಯಕ್ಕೆ ಹೋದರೂ ಅದು ಅವರಿಗೆ ನೆರವಾಗುತ್ತದೆ.