ಗಾಬರಿಗೆ ನಮ್ಮ ಕತೆಗಳು ಕೊಡುವ ಮದ್ದು

ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದ ಒಂದು ಸಣ್ಣ ಸಭೆಯಲ್ಲಿ ನಾವು ನಮ್ಮ ಕತೆಯೊಂದನ್ನು ಓದಿದೆವು. ಕತೆಯ ಹೆಂಗಸಿಗೆ ಸದಾ ಎದೆಬಡಿತ. ಮಗ ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ಹೇಮಾವತಿಯ ಪಾಲಾದನೆಂದೇ ಅವಳ ಎಣಿಕೆ. ಗಂಡ ಗದರುತ್ತಾನೆ, ಅತ್ತೆ ತಾಯಿತ ಕಟ್ಟಿಸುತ್ತಾಳೆ, ಕೊನೆಗೆ ಅವಳ ಹೆಣ ಬಾವಿಯಲ್ಲಿ ಸಿಗುತ್ತದೆ. ಕೇಳಿದವರು ಮೆಚ್ಚಿದರು. ಎಲ್ಲರೂ ಎದ್ದು ಹೋದ ಮೇಲೆ ಅರಕಲಗೂಡು ಕಡೆಯ ಒಬ್ಬ ತಾಯಿ ಹತ್ತಿರ ಬಂದು, "ನನಗೂ ಹಿಂಗೇ ಆಗಿತ್ತು ಭಾಯ್. ಡಾಕ್ಟರ ಹತ್ರ ಹೋದೆ, ಗುಳಿಗೆ ನುಂಗಿದೆ, ಈಗ ಚೆನ್ನಾಗಿದ್ದೀನಿ. ನಿಮ್ಮ ಕತೆಯಲ್ಲಿ ನನ್ನಂಥವಳಿಗೆ ಜಾಗ ಇಲ್ಲವಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಯ ಉರ್ದುವಿನಲ್ಲಿ ನಾವು ಇದನ್ನು ಘಬ್ರಾಹಟ್ ಎಂದೆವು, ಶಾಲೆಯ ಕನ್ನಡದಲ್ಲಿ ಆತಂಕ, ಕಳವಳ ಎಂದು ಕಲಿತೆವು. ಇದು ಒಂದು ಕಾಯಿಲೆಯೂ ಆಗಬಹುದೆಂದು ಎರಡು ಭಾಷೆಯ ಪಾಠಗಳೂ ನಮಗೆ ಹೇಳಲಿಲ್ಲ. ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದ್ದು 1980ರಲ್ಲಿ. ಕನ್ನಡದಲ್ಲಿ ಸಾಮಾನ್ಯೀಕೃತ ಆತಂಕ ಕಾಯಿಲೆ ಎನ್ನಬಹುದು. ಹಾಸನದ ರೈತನಿಗೆ ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ಬಿದ್ದಾಗ ನಿದ್ದೆ ಬಾರದಿರುವುದು ಕಾಯಿಲೆಯಲ್ಲ. ಬೆಳೆ ಕೈಗೆ ಬಂದು, ಮಾರಿ, ಸಾಲ ತೀರಿಸಿದ ಮೇಲೂ ಕಳವಳ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ, ಆರು ತಿಂಗಳು ಹೆಚ್ಚುಕಡಿಮೆ ದಿನವೂ ಕಾಡಿ, ನಿದ್ದೆ ಕೆಡಿಸಿ, ಕತ್ತು ಬೆನ್ನು ಬಿಗಿಸಿ, ಮೈಮನಸ್ಸನ್ನು ದಣಿಸಿದರೆ ಆಗ ವೈದ್ಯರು ಬೇಕು.

ನಮ್ಮ ಸಾಹಿತ್ಯಕ್ಕೆ ಇದು ಹೊಸ ವಿಷಯವೇನಲ್ಲ. 1963ರಲ್ಲಿ ತೀರಿಕೊಂಡ ತ್ರಿವೇಣಿ ಅವರು 'ಶರಪಂಜರ'ದಲ್ಲಿ ಬಾಣಂತಿತನದ ನಂತರ ಮನಸ್ಸು ಕದಡಿದ ಕಾವೇರಿಯನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಅವಳು ಗುಣವಾಗುತ್ತಾಳೆ. ಅವಳನ್ನು ಮತ್ತೆ ಕೆಡವುವುದು ಗಂಡನ ನಡತೆ ಮತ್ತು ಊರಿನವರ ಸಂಶಯದ ಕಣ್ಣು. ಮದ್ದು ಗೆದ್ದಿತು, ಮನೆ ಸೋತಿತು ಎಂದು ಅರವತ್ತು ವರ್ಷಗಳ ಹಿಂದೆಯೇ ಆ ಲೇಖಕಿ ತೋರಿಸಿದ್ದರು. ನಂತರ ಬಂದ ನಮ್ಮಂಥವರು ಆಸ್ಪತ್ರೆಯನ್ನೇ ಕತೆಯಿಂದ ಅಳಿಸಿದೆವು.

ನಮ್ಮದೇ ಹಾಸನದ ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕತೆಯನ್ನು ಈ ಪ್ರಶ್ನೆಯೊಂದಿಗೆ ಮತ್ತೆ ಓದಿದೆವು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಹೊತ್ತ, ದೀಪಾ ಭಾಸ್ತಿ ಅನುವಾದಿಸಿದ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಓದುಗರಿಗೆ ಗೊತ್ತಿದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರು ಮರ್ಯಾದೆಯ ಹೆಸರಿನಲ್ಲಿ ವಾಪಸು ಅಟ್ಟುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ಮಗಳು ಸಲ್ಮಾ ತಡೆಯುತ್ತಾಳೆ. ಮೆಹರುನ್‌ಳಿಗೆ ಗುಳಿಗೆ ಬರೆದುಕೊಟ್ಟು ಅದೇ ಮನೆಗೆ ಕಳಿಸಿದರೆ ಅದು ಚಿಕಿತ್ಸೆಯಲ್ಲ, ಅನ್ಯಾಯಕ್ಕೆ ಮಂಪರು. ಈ ಮಾತಿನಲ್ಲಿ ಕತೆ ನೂರಕ್ಕೆ ನೂರು ಸರಿ.

ಆದರೆ ಈ ಕತೆಯಿಂದ ನಾವು ಕಲಿತ ಪಾಠ ಅರ್ಧ ತಪ್ಪು. ಹೆಣ್ಣಿನ ಪ್ರತಿಯೊಂದು ಎದೆಬಡಿತವನ್ನೂ ಸಮಾಜದ ರೂಪಕ ಮಾಡಿಬಿಟ್ಟೆವು. ಒಳ್ಳೆಯ ಗಂಡ, ಓದುವ ಮಕ್ಕಳು, ಸ್ವಂತ ಮನೆ ಇದ್ದವರಿಗೂ ಈ ಕಾಯಿಲೆ ಬರುತ್ತದೆ, ಗಂಡಸರಿಗೂ ಬರುತ್ತದೆ. ಸಮಾಜ ಬದಲಾಗುವವರೆಗೆ ಅವರು ಕಾಯಬೇಕೆ? ಬಾನು ಅವರು ತಮ್ಮ 29ನೇ ವಯಸ್ಸಿನಲ್ಲಿ ಕಾಡಿದ ಬಾಣಂತಿ ಖಿನ್ನತೆಯ ಬಗ್ಗೆ, ಮೈಮೇಲೆ ಪೆಟ್ರೋಲ್ ಸುರಿದುಕೊಂಡಾಗ ಪತಿ ತಡೆದು ಅಪ್ಪಿಕೊಂಡದ್ದರ ಬಗ್ಗೆ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಖಿನ್ನತೆಯೇ ಬೇರೆ, ಆತಂಕದ ಕಾಯಿಲೆಯೇ ಬೇರೆ. ಆದರೂ ಹಾಗೆ ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮ ಕತೆಗಳ ಪಾತ್ರಗಳಿಗೆ ಇನ್ನೂ ಬಂದಿಲ್ಲ.

ಹಾಗಾದರೆ ಮದ್ದು ಯಾವುದು? ಮೊದಲು ಥೈರಾಯ್ಡ್‌ನಂಥ ದೇಹದ ಕಾರಣಗಳಿವೆಯೇ ಎಂದು ನೋಡುತ್ತಾರೆ. ನಂತರ ಮುಖ್ಯವಾಗಿ ಎರಡು ದಾರಿ. ಒಂದು ಮಾತಿನ ಚಿಕಿತ್ಸೆ. ಹೆದರಿಸುವ ಯೋಚನೆಯನ್ನು ಹಿಡಿದು ನಿಲ್ಲಿಸಿ, ಅದಕ್ಕೆ ಸಾಕ್ಷಿ ಏನೆಂದು ಕೇಳುವುದನ್ನು, ಮೈಯ ಬಿಗಿತ ಸಡಿಲಿಸುವುದನ್ನು ವಾರವಾರ ಕಲಿಸುತ್ತಾರೆ. ಇನ್ನೊಂದು ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಡುಲಾಕ್ಸೆಟಿನ್‌ನಂಥ ಗುಳಿಗೆಗಳು. ಇವುಗಳ ಗುಣ ಕಾಣಲು ಕೆಲವು ವಾರ ಬೇಕು. ಮೊದಮೊದಲು ವಾಕರಿಕೆ, ಚಡಪಡಿಕೆ ಆಗಬಹುದು. ಅಲ್ಲಿಗೇ ಎಷ್ಟೋ ಜನ ಗುಳಿಗೆ ಬಿಸಾಡುತ್ತಾರೆ. ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಿ, ವೈದ್ಯರ ಮಾತಿನಂತೆ ನಿಧಾನವಾಗಿ ಇಳಿಸಬೇಕು.

ಮೂರನೆಯದು ಅಡ್ಡದಾರಿ. ಅದರಲ್ಲಿ ನಾವೇ ನಡೆದಿದ್ದೇವೆ. ತಂದೆ ತೀರಿಕೊಂಡ ವರ್ಷ ರಾತ್ರಿಯ ಗಾಬರಿಗೆಂದು ಒಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಆಲ್‌ಪ್ರಜೋಲಾಮ್ ಕೊಂಡೆವು. ಅರ್ಧ ಗಂಟೆಯಲ್ಲಿ ಜಗತ್ತು ಹಗುರವಾಯಿತು. ವರ್ಷದ ಕೊನೆಗೆ ಅರ್ಧ ಗುಳಿಗೆ ಎರಡಾಗಿತ್ತು, ಬಿಟ್ಟ ದಿನ ಕೈ ನಡುಗುತ್ತಿತ್ತು. ಆ ಜಾತಿಯ ಔಷಧ ಕೆಲವು ದಿನಗಳ ಊರುಗೋಲು ಮಾತ್ರ, ಬಹಳ ಬೇಗ ಚಟವಾಗುತ್ತದೆ, ದಿಢೀರನೆ ನಿಲ್ಲಿಸುವುದೂ ಅಪಾಯ ಎಂದು ಮನೋವೈದ್ಯರು ಹೇಳಿದಾಗಲೇ ತಿಳಿದದ್ದು. ಇಷ್ಟೆಲ್ಲ ಕಂಡವರು ನಾವು, ಕತೆ ಬರೆಯುವಾಗ ಮಾತ್ರ ಬಾವಿ ತೋಡಿದೆವು!

ವೈದ್ಯರ ಬಳಿ ಹೋದರೆ ಈಮಾನು ಕಡಿಮೆಯಾಯಿತೆಂದು ತಿಳಿಯುವವರು ನಮ್ಮಲ್ಲಿದ್ದಾರೆ. ದುಆ ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಆದರೆ 934ರಲ್ಲಿ ತೀರಿಕೊಂಡ ಅಬೂ ಜೈದ್ ಅಲ್ ಬಲ್ಖಿ ಅವರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಮೇಲೆ ಒಂದೇ ಗ್ರಂಥ ಬರೆದು, ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂದರು. ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ, ಗಾಬರಿಯ ಹೊತ್ತಿಗಾಗಿ ಆರೋಗ್ಯದ ದಿನಗಳಲ್ಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಿ ಎಂದರು. ಇಂದಿನ ಮಾತಿನ ಚಿಕಿತ್ಸೆಗೆ ಇದು ಎಷ್ಟು ಹತ್ತಿರ!

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋರೋಗಗಳಿದ್ದವರಲ್ಲಿ ಶೇ. 85ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದು ಕರ್ನಾಟಕದಲ್ಲಿ 'ಮನೋಚೈತನ್ಯ' 2014ರಲ್ಲಿ ಆರಂಭವಾಯಿತು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಕಿಲ್ಲ. ಆದರೆ ಚನ್ನರಾಯಪಟ್ಟಣದ ಸಾಲಿನಲ್ಲಿ ಬೀಗರ ಕಡೆಯವರು ಕಂಡಾರೆಂದು ಹೆಂಗಸರು ಹಾಸನದ ಬಸ್ಸು ಹತ್ತುತ್ತಾರೆ. ಬಸ್ಸಿನ ದುಡ್ಡಿಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಈ ನಾಚಿಕೆಯನ್ನು ಕಳೆಯುವುದು ಸರ್ಕಾರಕ್ಕಿಂತ ಹೆಚ್ಚಾಗಿ ಕತೆ ಹೇಳುವವರ ಕೆಲಸ.

ಆ ಹಳೆಯ ಕತೆಯನ್ನು ನಾವೀಗ ತಿದ್ದುತ್ತಿದ್ದೇವೆ. ಗಂಡನ ಗದರಿಕೆ ಹಾಗೇ ಇದೆ, ಅತ್ತೆಯ ತಾಯಿತವೂ ಇದೆ. ಒಂದು ಮಂಗಳವಾರ ಬೆಳಿಗ್ಗೆ ಅವಳು ಮಗನನ್ನು ಶಾಲೆಗೆ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಮುಂದೆ ನಿಂತವಳು ತಿರುಗಿ ನೋಡುತ್ತಾಳೆ, ಪಕ್ಕದ ಬೀದಿಯವಳೇ. ಇಬ್ಬರೂ ಏನು ಮಾತಾಡಿಕೊಂಡಾರು ಎಂಬುದು ನಮಗಿನ್ನೂ ಸರಿಯಾಗಿ ಕೂಡಿಬಂದಿಲ್ಲ. ಅರಕಲಗೂಡಿನ ಆ ತಾಯಿ ಎಲ್ಲಾದರೂ ಸಿಕ್ಕರೆ ಕೇಳಿ ಬರೆಯಬೇಕು.